ನೆನಪಿನ ಹೊರೆ ಯಾರ ಹೆಗಲಿಗೆ?

ಕಳೆದ ಮಳೆಗಾಲದ ಒಂದು ಸಂಜೆ ಇಪ್ಪತ್ತನಾಲ್ಕರ ಹರೆಯದ ತರುಣನೊಬ್ಬ ಗುರುನಿವಾಸದ ಬಾಗಿಲಿಗೆ ಬಂದ. ಅವನು ನಮ್ಮ ಧರ್ಮಕೇಂದ್ರದವನಲ್ಲ, ಕ್ರೈಸ್ತನೂ ಅಲ್ಲ. ನಮ್ಮ ಯುವಕರ ಜೊತೆ ವಾಲಿಬಾಲ್ ಆಡಲು ಆಗಾಗ ಬರುತ್ತಿದ್ದ ಪರಿಚಯ ಅಷ್ಟೆ. ಕೊಡೆಯನ್ನು ಮಡಚಿ ಮೂಲೆಗಿಟ್ಟು, ಕುರ್ಚಿಯ ಅಂಚಿನಲ್ಲಿ ಕುಳಿತು, ಪೀಠಿಕೆಯಿಲ್ಲದೆ ಕೇಳಿದ: "ಫಾದರ್, ಮುದುಕಿಯೊಬ್ಬಳಿಗೆ ಸಂತೋಷವಾಗಲಿ ಎಂದು ಸುಳ್ಳು ಹೇಳಿದರೆ ಅದು ಪಾಪವೇ?"

ಇಂಥ ಪ್ರಶ್ನೆಗೆ ಗುರುಗಳ ಬಳಿ ಸಿದ್ಧ ಉತ್ತರವಿರುತ್ತದೆ ಎಂದು ಜನ ಭಾವಿಸುತ್ತಾರೆ. ನನ್ನ ಬಳಿಯೂ ಇತ್ತು. ಆದರೆ ಅವನ ಕಥೆಯನ್ನು ಪೂರ್ತಿ ಕೇಳಿದ ಮೇಲೆ ಆ ಉತ್ತರ ನನಗೇ ಸಾಲದೆನಿಸಿತು. ಅವನ ಒಪ್ಪಿಗೆ ಪಡೆದು ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಬೇಡ. ಈ ಕಥೆ ಅವನೊಬ್ಬನದೂ ಅಲ್ಲ.

ಅವನ ಅಜ್ಜಿಯ ಊರು ಕಾರವಾರ ತಾಲೂಕಿನ ಅರ್ಗಾ. ಹೆದ್ದಾರಿಯಿಂದ ಕಡಲಿನತ್ತ ಇಳಿಯುವ ದಾರಿಯಲ್ಲಿ ಅವರ ಮನೆಯಿತ್ತು. ಅಂಗಳದ ಅಂಚಿಗೆ ಒಂದು ಇಶಾಡ ಮಾವಿನ ಮರ, ಅದರಾಚೆ ಕೆಂಪು ಕಲ್ಲು ಕಟ್ಟಿದ ಬಾವಿ, ಬಾವಿಯಿಂದ ನೋಡಿದರೆ ತೆಂಗಿನ ಸಾಲು, ಸಾಲಿನ ಆಚೆ ಸಮುದ್ರ. ಈ ತರುಣ ಹುಟ್ಟುವ ಮೊದಲೇ ಕುಟುಂಬ ಆ ಮನೆಯನ್ನು ಬಿಟ್ಟು ಪುನರ್ವಸತಿ ಕಾಲೊನಿಗೆ ಬಂದಿತ್ತು. ಅವನು ಅರ್ಗಾದ ಆ ಮನೆಯನ್ನು ಕಂಡವನೇ ಅಲ್ಲ. ಆದರೂ ಎಳವೆಯಿಂದ ಪ್ರತಿ ರಾತ್ರಿ ಅಜ್ಜಿ ಅವನಿಗೆ ಆ ಊರಿನ ಪಾಠ ಹೇಳಿಸುತ್ತಿದ್ದಳು: ಮೊದಲ ಮನೆ ಯಾರದು, ಎರಡನೆಯದು ಯಾರದು, ಗುಡಿ ಎಲ್ಲಿ, ದೋಣಿ ಎಳೆದಿಡುವ ಜಾಗ ಎಲ್ಲಿ. ಮಗ್ಗಿ ಒಪ್ಪಿಸುವಂತೆ ಅವನು ಒಪ್ಪಿಸುತ್ತಿದ್ದ. "ನೀನೂ ಮರೆತರೆ ಇನ್ನು ಉಳಿಯುವುದು ಏನು ಬಾಳಾ?" ಎಂಬುದು ಅವಳ ಮಾತು.

ಎರಡು ವರ್ಷಗಳ ಹಿಂದೆ ಅವನಿಗೆ ಗುತ್ತಿಗೆದಾರರೊಬ್ಬರ ಕೈಕೆಳಗೆ ವಿದ್ಯುತ್ ಕೆಲಸ ಸಿಕ್ಕಿತು. ಕೆಲಸ ನೌಕಾನೆಲೆಯ ಬೇಲಿಯ ಒಳಗೆ. ಬೆಳಿಗ್ಗೆ ಗೇಟಿನಲ್ಲಿ ಪಾಸು ತೋರಿಸಬೇಕು, ಮೊಬೈಲನ್ನು ಒಪ್ಪಿಸಬೇಕು, ಒಳಗೆ ಕಂಡದ್ದನ್ನು ಹೊರಗೆ ಹೇಳುವಂತಿಲ್ಲ. ಮೊದಲ ವಾರದಲ್ಲೇ ಊಟದ ಬಿಡುವಿನಲ್ಲಿ ಅವನು ಅಜ್ಜಿಯ ಪಾಠವನ್ನು ಹಿಡಿದು ದಾರಿ ಹುಡುಕಿದ. ಗುಡ್ಡದ ಓರೆ ಸರಿಯಾಗಿತ್ತು, ಸಮುದ್ರ ಇದ್ದಲ್ಲೇ ಇತ್ತು. ನಡುವೆ ಸಮತಟ್ಟು ಮಾಡಿದ ನೆಲ ಮತ್ತು ಡಾಂಬರು ರಸ್ತೆ. ಬಾವಿಯಿಲ್ಲ, ಮರವಿಲ್ಲ.

ಸಂಜೆ ಅಜ್ಜಿ ಕೇಳಿದಳು: "ನಮ್ಮ ಇಶಾಡ ಇದೆಯಾ?" ಅವನು ಹೇಳಿದ: "ಇದೆ ಅಜ್ಜಿ. ಈ ವರ್ಷ ಹೂವು ಚೆನ್ನಾಗಿ ಬಿಟ್ಟಿದೆ."

ಅಂದಿನಿಂದ ಅವಳು ಬಿಡದೆ ಕೇಳುತ್ತಿದ್ದಳು, ಅವನು ಬಿಡದೆ ಹೇಳುತ್ತಿದ್ದ. ಕಾಯಿ ಕಟ್ಟಿತು, ಹಣ್ಣಾಯಿತು, ಹಕ್ಕಿಗಳು ತಿಂದವು, ಬಾವಿಯ ನೀರು ಬೇಸಿಗೆಯಲ್ಲೂ ಬತ್ತಲಿಲ್ಲ. ಎರಡು ವರ್ಷದಲ್ಲಿ ಆ ಮರ ಅವನ ಬಾಯಿಯಲ್ಲಿ ಬೆಳೆದು ದೊಡ್ಡದಾಯಿತು. ನನ್ನೆದುರು ಕುಳಿತು ಅವನು ಕೊನೆಗೆ ಹೇಳಿದ್ದು ಇಷ್ಟು: "ನಾನು ನೋಡದ ಊರೊಂದನ್ನು ಅಜ್ಜಿ ನನ್ನ ಮೇಲೆ ಹೊರಿಸಿದಳು. ಈಗ ಎಲ್ಲಿಯೂ ಇಲ್ಲದ ಇನ್ನೊಂದು ಊರನ್ನು ನಾನೇ ಮಾಡಿಕೊಂಡು ಹೊತ್ತಿದ್ದೇನೆ. ಎರಡೂ ಭಾರ, ಫಾದರ್."

ಪ್ರಿಯರೇ, ಈ ಭಾರದ ಬಗ್ಗೆ ಇಂದು ನಿಮ್ಮೊಡನೆ ಯೋಚಿಸಬೇಕೆಂದಿದ್ದೇನೆ. ಮೊದಲು ಆ ಊರಿಗೆ ಏನಾಯಿತೆಂದು, ನಮ್ಮ ಮಕ್ಕಳು ಕೂಡ ತಿಳಿಯಲೆಂದು, ಸ್ವಲ್ಪದರಲ್ಲಿ ಹೇಳುತ್ತೇನೆ.

1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಶಿಲಾನ್ಯಾಸ ಮಾಡಿದರು. ಮುಂಬಯಿಯ ಬಂದರು ನೌಕಾಪಡೆಗೆ ಇಕ್ಕಟ್ಟಾಗುತ್ತಿತ್ತು. ಬೆನ್ನಿಗೆ ಗುಡ್ಡ, ಎದುರಿಗೆ ಆಳವಾದ ಕಡಲು, ಅಡ್ಡಲಾಗಿ ದ್ವೀಪಗಳಿರುವ ನಮ್ಮ ತೀರ ಅದಕ್ಕೆ ಒಪ್ಪುವಂತಿತ್ತು. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಹದಿಮೂರು ಗ್ರಾಮಗಳಲ್ಲಿ, ಖಾಸಗಿ, ಸರಕಾರಿ ಮತ್ತು ಅರಣ್ಯ ಭೂಮಿ ಸೇರಿ, ಸುಮಾರು 11 ಸಾವಿರ ಎಕರೆ ಯೋಜನೆಗೆ ಒಳಪಟ್ಟಿತು. ಹಣದ ಅಡಚಣೆಯಿಂದ ಕೆಲಸ ವರ್ಷಗಟ್ಟಲೆ ಕುಂಟಿತು. ಹೋಗುವುದೋ ಉಳಿಯುವುದೋ ತಿಳಿಯದೆ, ಮನೆಯ ಮಾಡನ್ನು ರಿಪೇರಿ ಮಾಡಿಸಲೂ ಮನಸ್ಸಾಗದೆ ಜನ ಕಾದರು. ಬಹುಮಟ್ಟಿಗೆ ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅವರು ಮನೆ ಬಿಟ್ಟರು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನಿರಾಶ್ರಿತವಾದವು. ತೋಡೂರು, ಮುದಗಾ, ಚಿತ್ತಾಕುಲ ಮುಂತಾದೆಡೆ ಅವರಿಗಾಗಿ ಕಾಲೊನಿಗಳಾದವು. ಪರಿಹಾರದ ಮೊತ್ತಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದಾರೆ. ತೀರ್ಪು ಬರುವ ಮುನ್ನ ಕಣ್ಣುಮುಚ್ಚಿದವರೂ ಇದ್ದಾರೆ. 2005ರ ಮೇ 31ರಂದು ನೆಲೆಯು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. 2014ರ ಜನವರಿಯಲ್ಲಿ ವಿಕ್ರಮಾದಿತ್ಯ ವಿಮಾನವಾಹಕ ನೌಕೆ ಇಲ್ಲಿಗೆ ಬಂತು.

ಇದರಲ್ಲಿ ಹೆಮ್ಮೆಪಡುವಂಥದ್ದು ಇಲ್ಲವೆಂದು ನಾನು ಹೇಳಲಾರೆ. ದೇಶಕ್ಕೆ ರಕ್ಷಣೆ ಬೇಕು, ರಕ್ಷಣೆಗೆ ಗೋಪ್ಯತೆ ಬೇಕು. ಆ ಹಡಗುಗಳಲ್ಲಿರುವವರೂ ಯಾರದೋ ಮಕ್ಕಳು. ಆದರೆ ಹದಿಮೂರು ಊರುಗಳ ತ್ಯಾಗ ಮತ್ತು ಒಬ್ಬ ತರುಣನ ಹೆಗಲ ಭಾರ, ಇವೆರಡನ್ನೂ ಒಟ್ಟಿಗೆ ನೋಡಬಲ್ಲ ಕಣ್ಣು ನಮಗೆ ಬೇಕು.

ಅಮೆರಿಕದ ಲೇಖಕಿ ಲೋಯಿಸ್ ಲೌರಿಯವರು 1993ರಲ್ಲಿ ಮಕ್ಕಳಿಗಾಗಿ 'ದ ಗಿವರ್' ಎಂಬ ಕಾದಂಬರಿಯನ್ನು ಬರೆದರು. ನಿಮ್ಮ ಮನೆಯ ಮಕ್ಕಳಲ್ಲಿ ಕೆಲವರು ಅದನ್ನು ಓದಿರಬಹುದು. ಅಲ್ಲಿ ಒಂದು ಸಮಾಜವಿದೆ. ಹಸಿವಿಲ್ಲ, ಜಗಳವಿಲ್ಲ, ನೋವಿಲ್ಲ. ಯಾರಿಗೆ ಯಾವ ಕೆಲಸ, ಯಾರಿಗೆ ಯಾವ ಕುಟುಂಬ ಎಂಬುದನ್ನೆಲ್ಲ ಹಿರಿಯರ ಮಂಡಳಿ ನಿರ್ಧರಿಸುತ್ತದೆ. ಜನರಿಗೆ ಹಿಂದಿನದು ಏನೂ ನೆನಪಿಲ್ಲ. ಆದರೆ ಆಳುವವರಿಗೆ ಆಗಾಗ ಹಳೆಯ ಅನುಭವದ ಸಲಹೆ ಬೇಕಾಗುತ್ತದೆ. ಆದ್ದರಿಂದ ಅವರು ನೆನಪನ್ನು ಸಂಪೂರ್ಣವಾಗಿ ನಾಶಮಾಡಿಲ್ಲ. ಎಲ್ಲ ನೆನಪನ್ನೂ ಒಬ್ಬ ಮುದುಕನಲ್ಲಿ ಇಟ್ಟಿದ್ದಾರೆ. ಅವನ ನಂತರ ಹೊರಲು ಹನ್ನೆರಡು ವರ್ಷದ ಜೋನಸ್ ಎಂಬ ಹುಡುಗನನ್ನು ಆರಿಸುತ್ತಾರೆ. ಯುದ್ಧ, ಹಸಿವು, ಸಾವು, ಜೊತೆಗೆ ಬಣ್ಣ, ಹಿಮ, ಪ್ರೀತಿ, ಎಲ್ಲವನ್ನೂ ಆ ಬಾಲಕ ತನ್ನೊಬ್ಬನಲ್ಲಿ ತುಂಬಿಕೊಳ್ಳಬೇಕು, ಬೇರೆಯವರಲ್ಲಿ ಹೇಳಿಕೊಳ್ಳುವಂತಿಲ್ಲ.

ಆ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆಳುವವರ ಕ್ರೌರ್ಯವಲ್ಲ, ಜನರ ನೆಮ್ಮದಿ. ಎಲ್ಲರೂ ಹಗುರವಾಗಿದ್ದಾರೆ, ಏಕೆಂದರೆ ಒಬ್ಬ ಹುಡುಗ ಭಾರವಾಗಿದ್ದಾನೆ. ಅವರ ನೋವು ಇಲ್ಲವಾಗಿಲ್ಲ. ಹಂಚಬೇಕಾದವರು ಹಂಚಿಕೊಳ್ಳದೆ ಅದೆಲ್ಲ ಒಂದೇ ಕಡೆ ಸಂಗ್ರಹವಾಗಿದೆ.

ನಮ್ಮ ನಾಡು ಆ ಕಾದಂಬರಿಯ ನಾಡಲ್ಲ. ಇಲ್ಲಿ ಯಾರೂ ನೆನಪನ್ನು ನಿಷೇಧಿಸಿಲ್ಲ. ನಿರಾಶ್ರಿತರು ಧರಣಿ ಕುಳಿತರು, ದಾವೆ ಹೂಡಿದರು, ಪತ್ರಿಕೆಗಳು ಬರೆದವು. ಈ ವ್ಯತ್ಯಾಸವನ್ನು ಮರೆತು ಮಾತಾಡುವುದು ಸತ್ಯಕ್ಕೆ ದ್ರೋಹ. ಆದರೆ ನೆನಪು ಬರೀ ತಲೆಯೊಳಗೆ ಇರುವ ವಸ್ತುವಲ್ಲ. ಅದಕ್ಕೆ ಮರ ಬೇಕು, ಬಾವಿ ಬೇಕು, ಜಾತ್ರೆಯ ದಾರಿ ಬೇಕು. ಹಿತ್ತಲಿನ ಮಾವು ಎದುರಿಗೇ ಇರುವಾಗ ಅಜ್ಜಿ ಮೊಮ್ಮಗನಿಗೆ ಏನನ್ನೂ ಬಾಯಿಪಾಠ ಮಾಡಿಸುವ ಅಗತ್ಯವಿರುವುದಿಲ್ಲ. ಹೊರುವ ಕೆಲಸವನ್ನು ಮರವೇ ಮಾಡುತ್ತದೆ. ನೆಲ ಹೋದಾಗ ಅದು ಹೊರುತ್ತಿದ್ದುದೆಲ್ಲ ಮನುಷ್ಯರ ಮೇಲೆ ಬೀಳುತ್ತದೆ. ಅದರಲ್ಲೂ ಮನೆಯಲ್ಲಿ ಕೂತು ಕೇಳುವ ತಾಳ್ಮೆಯಿರುವ ಒಂದು ಮಗುವಿನ ಮೇಲೆ.

ಈ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಪೇಟೆಯೇ ನೀರಿನಡಿ ಸೇರಿತು. ಒಂದು ಕಾಲದ ಸೂಪಾ ತಾಲೂಕು ಇಂದು ಜೋಯಿಡಾ. ನಮಗೂ ಒಂದು ಪಾಲಿದೆ. ಅರ್ಗಾ-ಬಿಣಗಾ ತೀರದೆದುರು ಕಾಣುವ ಅಂಜದೀವ ದ್ವೀಪದಲ್ಲಿ ಬ್ರೋತಾಸ್ ಮಾತೆಯ, ಅಂದರೆ ಬುಗ್ಗೆಗಳ ಮಾತೆಯ, ದೇವಾಲಯವಿದೆ. ವಾಸ್ಕೋ ಡ ಗಾಮ 1498ರಲ್ಲಿ ಆ ದ್ವೀಪದಲ್ಲಿ ತಂಗಿದ್ದ; ಪೋರ್ಚುಗೀಸರು 1682ರಲ್ಲಿ ಅಲ್ಲಿ ಕೋಟೆ ಕಟ್ಟಿದರು. 1961ರ ಡಿಸೆಂಬರ್ 18ರಂದು ಅದನ್ನು ಬಿಡಿಸಿಕೊಳ್ಳುವಾಗ ಭಾರತದ ಏಳು ನಾವಿಕರು ಪ್ರಾಣ ಕೊಟ್ಟರು. ಆಮೇಲೂ ಫೆಬ್ರವರಿ 2ರಂದು ಮಾತೆಯ ಹಬ್ಬಕ್ಕೆ, ಅಕ್ಟೋಬರ್ 4ರಂದು ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬಕ್ಕೆ ದೋಣಿಗಳಲ್ಲಿ ಭಕ್ತರು ಹೋಗುತ್ತಿದ್ದರು. ದ್ವೀಪ ನೆಲೆಯ ಭಾಗವಾದ ಮೇಲೆ ಭದ್ರತೆಯ ಕಾರಣದಿಂದ ಆ ಯಾತ್ರೆ ನಿಂತಿತು. ಒಂದೇ ದ್ವೀಪದಲ್ಲಿ ಭಕ್ತರ ನೆನಪೂ ಇದೆ, ಹುತಾತ್ಮ ನಾವಿಕರ ನೆನಪೂ ಇದೆ. ಒಂದನ್ನು ಗೌರವಿಸಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಈಗ ತರುಣನ ಪ್ರಶ್ನೆಗೆ ಬರೋಣ. ಅಂದು ನಾನು ಕೊಟ್ಟ ಉತ್ತರ ಹೀಗಿತ್ತು: "ಪ್ರೀತಿಯಿಂದ ಹೇಳಿದ ಸುಳ್ಳಿಗೆ ದೇವರು ಕಠಿಣವಾಗಿ ತೀರ್ಪು ಕೊಡುವುದಿಲ್ಲ. ಅಜ್ಜಿಗೆ ವಯಸ್ಸಾಗಿದೆ. ಇನ್ನೆಷ್ಟು ದಿನ? ಮರ ಇದ್ದಲ್ಲೇ ಇರಲಿ." ಅವನು ತಲೆ ಅಲ್ಲಾಡಿಸಿ ಎದ್ದು ಹೋದ. ಅವನ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಗುರುಮಠದ ದಿನಗಳಲ್ಲಿ ಓದಿದ ಸಂತ ಅಗಸ್ಟೀನರು ನೆನಪಾದರು. ಸುಳ್ಳಿನ ವಿಷಯವಾಗಿಯೇ ಎರಡು ಗ್ರಂಥ ಬರೆದ ಅವರು ಯಾವ ಸದುದ್ದೇಶಕ್ಕೂ ಸುಳ್ಳನ್ನು ಒಪ್ಪಲಿಲ್ಲ. ವಿದ್ಯಾರ್ಥಿಗಳಾಗಿದ್ದ ನಾವು ಅದನ್ನು ಅತಿಯೆಂದು ಟೀಕಿಸುತ್ತಿದ್ದೆವು. ಅದೇ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ನೆನಪಿನ ಬಗ್ಗೆ ಬರೆಯುತ್ತಾರೆ: ಅದೊಂದು ವಿಶಾಲ ಭವನ, ಅದರೊಳಗೆ ಮನುಷ್ಯ ತನ್ನನ್ನೇ ಭೇಟಿಯಾಗುತ್ತಾನೆ ಎಂಬುದು ಅವರ ಭಾವ. ಈ ಎರಡು ವಿಚಾರಗಳನ್ನು ನಾನು ಎಂದೂ ಜೋಡಿಸಿ ನೋಡಿರಲಿಲ್ಲ. ನೆನಪಿನ ಭವನದಲ್ಲಿ ಮನುಷ್ಯ ತನ್ನನ್ನು ಕಾಣುವುದಾದರೆ, ಅಲ್ಲಿ ಇಲ್ಲದ ಕೋಣೆಯನ್ನು ಕಟ್ಟಿಕೊಟ್ಟವನು ಆ ಮನುಷ್ಯನನ್ನು ದಾರಿ ತಪ್ಪಿಸಿದಂತಾಗುತ್ತದೆ.

ಯೋಚಿಸಿದಷ್ಟೂ ನನ್ನ ಉತ್ತರದ ಎರಡು ದೋಷಗಳು ಕಂಡವು. ಮೊದಲನೆಯದು, ನಾನು ಅಜ್ಜಿಯನ್ನು ಸತ್ಯ ತಾಳಲಾರದ ಮಗುವೆಂದು ತಿಳಿದಿದ್ದೆ. ಮನೆ, ಗದ್ದೆ, ನೆರೆಹೊರೆ ಎಲ್ಲವನ್ನೂ ಕಳೆದುಕೊಂಡು, ಕಾಲೊನಿಯ ಸಣ್ಣ ಜಾಗದಲ್ಲಿ ಮತ್ತೆ ಸಂಸಾರ ಕಟ್ಟಿದ ಹೆಂಗಸು ಒಂದು ಮರ ಹೋದದ್ದನ್ನು ಕೇಳಲಾರಳೆಂದು ನಿರ್ಧರಿಸಲು ನಾನು ಯಾರು? ಎರಡನೆಯದು ಹೆಚ್ಚು ಗಂಭೀರ. ಈ ಸುಳ್ಳಿನಿಂದ ಅಜ್ಜಿಗೆ ಸಂತೋಷ, ಊರಿಗೆ ನೆಮ್ಮದಿ, ನನಗೂ ಒಂದು ಸುಲಭ ಉತ್ತರ. ಆದರೆ ಆ ಮರ ಇಲ್ಲವೆಂಬ ಸತ್ಯವನ್ನು ಆ ಹುಡುಗ ಒಬ್ಬನೇ ಹೊರಬೇಕು. ಕಾದಂಬರಿಯ ಹಿರಿಯರ ಮಂಡಳಿ ಮಾಡಿದ್ದೂ ಇದನ್ನೇ ಅಲ್ಲವೇ? ಎಲ್ಲರೂ ಹಗುರವಾಗಿರಲೆಂದು ನಾನೂ ಒಬ್ಬನನ್ನು ಭಾರವಾಗಿರಲು ಬಿಟ್ಟಿದ್ದೆ.

ನಿಜವಾದ ದಬ್ಬಾಳಿಕೆಯ ಕಾಲದಲ್ಲಿ ಜನ ನೆನಪನ್ನು ಹೇಗೆ ಹೊತ್ತರೆಂದು ನೋಡಿದರೆ ನಮಗೆ ದಾರಿ ಕಾಣುತ್ತದೆ. ಸ್ಟಾಲಿನ್ ಕಾಲದ ರಷ್ಯದಲ್ಲಿ ಅನ್ನಾ ಅಖ್ಮತೋವಾ ಎಂಬ ಕವಯಿತ್ರಿಯ ಮಗನನ್ನು ಸೆರೆಗೆ ಹಾಕಿದರು. ಲೆನಿನ್‌ಗ್ರಾಡಿನ ಸೆರೆಮನೆಯ ಹೊರಗೆ ಇತರ ತಾಯಂದಿರ ಜೊತೆ ಹದಿನೇಳು ತಿಂಗಳು ಸಾಲಿನಲ್ಲಿ ನಿಂತ ಅವರು ಆ ದುಃಖವನ್ನು ಕಾವ್ಯವಾಗಿ ರಚಿಸಿದರು. ಕಾಗದದಲ್ಲಿ ಉಳಿದರೆ ಅಪಾಯ. ಆದ್ದರಿಂದ ಅವರು ಕೆಲವು ಸಾಲುಗಳನ್ನು ಬರೆದು ಲಿಡಿಯಾ ಚುಕೋವ್‌ಸ್ಕಯಾ ಮುಂತಾದ ಆಪ್ತ ಸ್ನೇಹಿತೆಯರಿಗೆ ತೋರಿಸುತ್ತಿದ್ದರು. ಅವರು ಮೌನವಾಗಿ ಓದಿ ಕಂಠಸ್ಥ ಮಾಡಿಕೊಂಡ ಮೇಲೆ ಕಾಗದವನ್ನು ಸುಟ್ಟುಬಿಡುತ್ತಿದ್ದರು. ಹೀಗೆ ಉಳಿದ ಆ ಕಾವ್ಯ 1963ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ, 1987ರಲ್ಲಿ ಸ್ವದೇಶದಲ್ಲಿ ಅಚ್ಚಾಯಿತು.

ಆ ಸ್ನೇಹಿತೆಯರಿಂದ ನಾವು ಕಲಿಯಬೇಕಾದ್ದು ಮೂರು. ಅವರು ಆ ಹೊರೆಯನ್ನು ತಾವಾಗಿ ಒಪ್ಪಿ ಹೊತ್ತರು. ಒಬ್ಬರೇ ಹೊರಲಿಲ್ಲ, ಹಲವರು ಹೊತ್ತರು. ಮತ್ತು ಅವರು ಹೊತ್ತದ್ದು ನಿಜವಾದ ಸಾಲುಗಳನ್ನು. ಕೇಳುವವರಿಗೆ ಹಿತವಾಗಲೆಂದು ಒಂದು ಪದವನ್ನೂ ಬದಲಿಸಲಿಲ್ಲ. ನಮ್ಮ ತರುಣನ ಪಾಲಿಗೆ ಈ ಮೂರೂ ಇರಲಿಲ್ಲ. ಹೊರೆ ಅವನು ಕೇಳದೆ ಬಂತು, ಅವನೊಬ್ಬನಿಗೇ ಬಂತು, ಕೊನೆಗೆ ಸುಳ್ಳೂ ಸೇರಿಕೊಂಡಿತು.

ಎರಡು ದಿನ ಬಿಟ್ಟು ನಾನೇ ಅವನನ್ನು ಕರೆಸಿದೆ. "ನಾನು ತಪ್ಪು ಹೇಳಿದೆ," ಎಂದೆ. "ನೆಲೆಯ ಒಳಗಿನ ವಿಷಯ ಯಾರಿಗೂ ಹೇಳಬೇಡ, ನೀನು ಕೊಟ್ಟ ಮಾತು ದೊಡ್ಡದು, ಅದನ್ನು ಉಳಿಸಿಕೋ. ಆದರೆ ಅಜ್ಜಿಯ ಮರ ಇಲ್ಲ ಎಂಬುದು ದೇಶದ ಗುಟ್ಟಲ್ಲ. ಅದು ಅವಳದೇ ಸುದ್ದಿ."

ಅವನು ತಿಂಗಳೊಂದು ಬರಲಿಲ್ಲ. ಬಂದಾಗ ಹೇಳಿದ್ದು ಇಷ್ಟು. ಒಂದು ರಾತ್ರಿ ಊಟವಾದ ಮೇಲೆ ಅಜ್ಜಿಗೆ ನಿಜ ಹೇಳಿದ. ಅವಳು "ಬಾವಿ?" ಎಂದಳು. "ಬಾವಿಯೂ ಇಲ್ಲ," ಎಂದ. ಅವಳು ಎದ್ದು ಒಳಗೆ ಹೋದಳು. ನಾಲ್ಕು ದಿನ ಅವನೊಡನೆ ಮಾತಾಡಲಿಲ್ಲ. ಸುಳ್ಳು ಹೇಳಿದ್ದಕ್ಕೋ, ನಿಜ ಹೇಳಿದ್ದಕ್ಕೋ ಅವನಿಗೆ ಇಂದಿಗೂ ಗೊತ್ತಿಲ್ಲ. ಐದನೆಯ ದಿನ ಅವಳು ತಾನಾಗಿ ಬಂದು ಕುಳಿತು ಮತ್ತೆ ಊರಿನ ಮಾತು ತೆಗೆದಳು. ಆದರೆ ಈ ಸಲ ಹೇಳಿದ್ದು ಅವನು ಹಿಂದೆಂದೂ ಕೇಳದ ಸಂಗತಿಗಳನ್ನು.

ಆ ಇಶಾಡ ಮರದ ಒಂದು ಕೊಂಬೆಗಾಗಿ ಪಕ್ಕದ ಮನೆಯವರೊಡನೆ ಏಳು ವರ್ಷ ಮಾತು ಬಿಟ್ಟಿದ್ದರಂತೆ. ಆ ಬಾವಿಯ ನೀರನ್ನು ಕೆಲವರು ತಾವೇ ಸೇದುವಂತಿರಲಿಲ್ಲ; ದೂರ ನಿಂತು ಕೊಡವೊಡ್ಡಬೇಕಿತ್ತು; ಎತ್ತರದಿಂದ ನೀರು ಹೊಯ್ದವಳು ತಾನೇ ಎಂದು ಹೇಳುವಾಗ ಅಜ್ಜಿಯ ದನಿ ತಗ್ಗಿತಂತೆ. ಅಜ್ಜ ಸಾಲ ಮಾಡಿದ್ದು, ಮಳೆಗಾಲದಲ್ಲಿ ಒಂದು ಹೊತ್ತು ಮಾತ್ರ ಗಂಜಿ ಕುಡಿದದ್ದು, ಹೆರಿಗೆಗೆ ದೋಣಿ ಸಿಗದೆ ಒಂದು ಮಗು ಹೋದದ್ದು, ಎಲ್ಲ ಬಂತು. ಹಾಗೆಯೇ ರಂಪಣಿ ಬಲೆ ಎಳೆದ ದಿನಗಳೂ ಬಂದವು: ದಡದಲ್ಲಿ ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತಿದ್ದದ್ದು, ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಬಂಗಡೆಯ ಪಾಲು ಸಿಗುತ್ತಿದ್ದದ್ದು.

"ಫಾದರ್," ಎಂದ ತರುಣ, "ಇಷ್ಟು ವರ್ಷ ನಾನು ಹೊತ್ತದ್ದು ಸ್ವರ್ಗವನ್ನು. ಸ್ವರ್ಗವನ್ನು ಕಳೆದುಕೊಂಡವನಿಗೆ ಸಮಾಧಾನವೇ ಇಲ್ಲ. ಈಗ ಅದು ಒಂದು ಊರಾಯಿತು. ಊರನ್ನು ಹೊರಬಹುದು."

ಪ್ರಿಯ ಓದುಗರೇ, ನಾನು ಇಂದು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿದ್ದಾನೆ. ಸಿಹಿಯನ್ನಷ್ಟೇ ಆರಿಸಿ ಕೊಟ್ಟ ನೆನಪು ಹಗುರವಾಗಿರುತ್ತದೆಂದು ನಾವು ತಿಳಿಯುತ್ತೇವೆ. ಆದರೆ ಅದೇ ಹೆಚ್ಚು ಭಾರ. ಏಕೆಂದರೆ ಅದರೆದುರು ಇಂದಿನ ಯಾವ ಬದುಕೂ ಸಣ್ಣದೇ. ಅದನ್ನು ಕಸಿದವರೆಲ್ಲ ರಾಕ್ಷಸರೇ. ಆ ನೆನಪು ಬೇಗ ಹಗೆಯಾಗಿ ಹುಳಿಯುತ್ತದೆ. ಪೂರ್ಣವಾದ ನೆನಪು ಹಾಗಲ್ಲ. ನಮಗಾದ ಅನ್ಯಾಯದ ಪಕ್ಕದಲ್ಲೇ ನಾವು ಮಾಡಿದ ಅನ್ಯಾಯವನ್ನೂ ಅದು ಇಡುತ್ತದೆ. ಆಗ ಪರಿಹಾರ ಕೇಳುವ ನಮ್ಮ ದನಿ ಕುಗ್ಗುವುದಿಲ್ಲ, ಅದರ ವಿಷ ಮಾತ್ರ ಹೋಗುತ್ತದೆ. 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳು ಇತಿಹಾಸದಲ್ಲಿ ಎಸಗಿದ ತಪ್ಪುಗಳಿಗೆ ದೇವರಲ್ಲಿ ಕ್ಷಮೆ ಕೇಳಿದರು. ಇದನ್ನು ಅವರು ನೆನಪಿನ ಶುದ್ಧೀಕರಣವೆಂದು ಕರೆದರು. ಶುದ್ಧೀಕರಣವೆಂದರೆ ಅಳಿಸುವುದಲ್ಲ, ಬಚ್ಚಿಟ್ಟದ್ದನ್ನು ಬೆಳಕಿಗೆ ತರುವುದು.

ಧರ್ಮೋಪದೇಶಕಾಂಡದಲ್ಲಿ ಒಂದು ಕ್ರಮವಿದೆ. ಹೊಸ ಬೆಳೆಯ ಪ್ರಥಮಫಲವನ್ನು ಅರ್ಪಿಸುವ ರೈತ ತನ್ನ ಪೂರ್ವಜರು ಅಲೆಮಾರಿಗಳಾಗಿದ್ದರೆಂದೂ ಪರದೇಶದಲ್ಲಿ ಗುಲಾಮರಾಗಿದ್ದರೆಂದೂ ಬಾಯಿಬಿಟ್ಟು ಹೇಳಬೇಕು. ಅವನು ಆ ಗುಲಾಮಗಿರಿಯನ್ನು ಕಂಡವನಲ್ಲ; ತಲೆಮಾರುಗಳು ಕಳೆದಿವೆ. ಆದರೂ ಅದು ತನ್ನದೆಂಬಂತೆ ಹೇಳುತ್ತಾನೆ. ಅದೇ ಗ್ರಂಥ ಆ ನೆನಪಿನ ಉಪಯೋಗವನ್ನೂ ತೋರಿಸುತ್ತದೆ: ಹೊಲ ಕೊಯ್ಯುವಾಗ ಮರೆತ ಸಿವುಡನ್ನು ಪರದೇಶಿಗೆ, ಅನಾಥನಿಗೆ, ವಿಧವೆಗೆ ಬಿಡಬೇಕು, ಏಕೆಂದರೆ ನೀನೂ ಒಮ್ಮೆ ಗುಲಾಮನಾಗಿದ್ದೆ. ನೆನಪು ಸೇಡಿಗಾಗಿ ಅಲ್ಲ, ಬಾಗಿಲು ತೆರೆಯುವುದಕ್ಕಾಗಿ. ಇಂದು ಬಿಹಾರ, ಒಡಿಶಾಗಳಿಂದ ಕೂಲಿಗಾಗಿ ನಮ್ಮ ಕಾರವಾರಕ್ಕೆ ಬಂದವರು ಬಾಡಿಗೆಗೆ ಕೋಣೆ ಕೇಳಿದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ನಮ್ಮ ನೆನಪಿಗೆ ನಿಜವಾದ ಪರೀಕ್ಷೆ.

ಆದ್ದರಿಂದ, ಮನೆಯ ಹಿರಿಯರೇ, ನಿಮ್ಮಲ್ಲಿ ನನ್ನ ವಿನಂತಿ. ಮಕ್ಕಳಿಗೆ ಹಳೆಯದನ್ನು ಹೇಳಿ. ಅವರಿಗೇಕೆ ನೋವು ಎಂದು ಬಾಯಿ ಕಟ್ಟಿಕೊಳ್ಳಬೇಡಿ. ಹೇಳದ ನೋವನ್ನು ಮಕ್ಕಳು ಹೇಗೂ ಹೊರುತ್ತಾರೆ, ಅದರ ಹೆಸರು ತಿಳಿಯದೆ ಹೊರುತ್ತಾರೆ. ಆದರೆ ಪೂರ್ತಿಯಾಗಿ ಹೇಳಿ. ಮರದ ಹಣ್ಣನ್ನೂ ಹೇಳಿ, ಕೊಂಬೆಯ ಜಗಳವನ್ನೂ ಹೇಳಿ. ಒಂದು ಮಗುವನ್ನು ಮಾತ್ರ ಕೂರಿಸಿಕೊಂಡು ಹೇಳಬೇಡಿ. ಎಲ್ಲರನ್ನೂ ಕೂರಿಸಿಕೊಳ್ಳಿ, ಸಾಧ್ಯವಾದರೆ ನೆರೆಮನೆಯವರನ್ನೂ ಕರೆಯಿರಿ. ಹೇಳಿದ ಮೇಲೆ ಅವರ ಕೈಯನ್ನು ಬಿಟ್ಟುಬಿಡಿ. ಅವರು ಬೆಂಗಳೂರಿಗೆ ಹೋಗಲಿ, ದುಬೈಗೆ ಹೋಗಲಿ, ಬೇರೆ ಊರನ್ನು ತಮ್ಮದೆನ್ನಲಿ. ಅದು ನಿಮಗೆ ಮಾಡಿದ ದ್ರೋಹವಲ್ಲ.

ತರುಣರೇ, ನಿಮಗೂ ಒಂದು ಮಾತು. ನೀವು ಕಾಣದ ಊರಿಗಾಗಿ ಅಳಲೇಬೇಕೆಂಬ ಕಟ್ಟುಪಾಡಿಲ್ಲ. ಆದರೆ ಕೇಳುವ ಕಿವಿಯನ್ನು ಕೊಡಿ. ಕೇಳಿದ್ದನ್ನು ಬರೆದಿಡಿ. ಕಾಗದಕ್ಕೆ ಇಳಿದದ್ದನ್ನು ನೀವು ಹೊರಬೇಕಾಗಿಲ್ಲ. ಅದು ನಿಮ್ಮನ್ನು ಸ್ವಲ್ಪ ದೂರ ಹೊರುತ್ತದೆ.

ಇನ್ನು ಆ ನೆಲದಿಂದ ರಕ್ಷಣೆ ಪಡೆದ ನಾವೆಲ್ಲರೂ, ಅಂದರೆ ದೇಶದ ಎಲ್ಲ ನಾಗರಿಕರೂ. ತ್ಯಾಗ ಪಡೆದವರು ಮರೆತು, ತ್ಯಾಗ ಮಾಡಿದವರು ಮಾತ್ರ ನೆನಪಿಡಬೇಕಾದರೆ ಅದು ನ್ಯಾಯವಲ್ಲ. ಪರಿಹಾರದ ಹಣದಿಂದ ನೆಲದ ಬೆಲೆ ತೀರಬಹುದು; ನೆನಪಿಡುವ ಸಾಲ ತೀರುವುದಿಲ್ಲ. ನಮ್ಮ ಶಾಲೆಗಳ ಮಕ್ಕಳು ಹಡಗಿನ ಹೆಸರನ್ನು ಕಲಿಯುವಂತೆ ಆ ಹದಿಮೂರು ಊರುಗಳ ಹೆಸರನ್ನೂ ಕಲಿತರೆ ಭಾರ ಅಷ್ಟರಮಟ್ಟಿಗೆ ಹಂಚಿಹೋಗುತ್ತದೆ. ರಂಪಣಿಯ ಹಗ್ಗವನ್ನು ಒಬ್ಬನ ಕೈಗೆ ಕೊಟ್ಟರೆ ಅವನನ್ನೇ ಕಡಲು ಎಳೆದೊಯ್ಯುತ್ತದೆ. ಊರೆಲ್ಲ ಹಿಡಿದರೆ ಬಲೆ ದಡಕ್ಕೆ ಬರುತ್ತದೆ.

ನಾವು ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಮಾಡುವುದೂ ನೆನಪಿನ ಆಚರಣೆಯೇ. ಯೇಸುಸ್ವಾಮಿ ತಮ್ಮ ಯಾತನೆಯ ನೆನಪನ್ನು ಒಬ್ಬ ಶಿಷ್ಯನ ಕಿವಿಯಲ್ಲಿ ಹೇಳಿ ಹೊರಿಸಲಿಲ್ಲ. ಊಟದ ಮೇಜಿನಲ್ಲಿ, ಎಲ್ಲರ ನಡುವೆ, ರೊಟ್ಟಿಯನ್ನು ಮುರಿದು ಹಂಚುತ್ತಾ ಕೊಟ್ಟರು.

ಆ ತರುಣ ಈಗ ಇನ್ನೂರು ಪುಟದ ನೋಟುಬುಕ್ಕೊಂದನ್ನು ಇಟ್ಟುಕೊಂಡಿದ್ದಾನೆ. ಕಾಲೊನಿಯ ಬೇರೆ ಮನೆಗಳ ಅಜ್ಜಂದಿರೂ ಅಜ್ಜಿಯರೂ ಸಂಜೆಗೆ ಬಂದು ಕೂರುತ್ತಾರಂತೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಬಾವಿ ಗುಡಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಮೊನ್ನೆ ಅವನು ನನ್ನಲ್ಲಿ ಹೇಳಿದ, ಅಜ್ಜಿ ಈಗ ಅವನಿಂದ ಮನೆಗಳ ಪಟ್ಟಿ ಒಪ್ಪಿಸಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಸಂಜೆ ಅವನು ಕೆಲಸದಿಂದ ಬಂದರೆ ಮೊದಲು ಕೇಳುವುದು, "ಊಟ ಮಾಡಿದೆಯಾ ಬಾಳಾ?" ಎಂದು.